ಯುರೋಪು ಸುತ್ತಿ ಬಂದ ಒಂದು ಗುಡಿಸು

ಅದು ೨೦೨೩ನೆಯ ಇಸವಿ. ನನಗೆ ಆಗ ಐವತ್ತೈದು ವರ್ಷ. ಕನ್ನಡ ಅಧ್ಯಾಪಕನ ಕೆಲಸದಿಂದ ಸ್ವಯಂನಿವೃತ್ತಿ ಪಡೆದು ಬಸವಕಲ್ಯಾಣದಲ್ಲಿ ಮನೆ ಕಟ್ಟಿಸಿದ್ದೆ. ಗೋಡೆ, ಗಚ್ಚು, ಬಣ್ಣ ಎಲ್ಲವೂ ಮುಗಿದು ಒಂದೇ ಒಂದು ಸ್ವರಚಿಹ್ನೆ ಬಾಕಿ ಉಳಿದಿತ್ತು. ಆ ಚಿಹ್ನೆಯ ದೆಸೆಯಿಂದ ನಾನು ಯುರೋಪ್ ಖಂಡವನ್ನು ಬಾಯಿಗೆ ಬೀಗ ಹಾಕಿಕೊಂಡು ನೋಡಬೇಕಾಯಿತು. ಯುರೋಪನ್ನು ಹಾಡಿ ಹೊಗಳುವ ಬರಹಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಇದು ಆ ಸಾಲಿಗೆ ಸೇರತಕ್ಕದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಗಿಲ ಮೇಲಿನ ಕಲ್ಲು

ತಲೆಬಾಗಿಲ ಮೇಲೆ ಮನೆಯ ಹೆಸರು ಕೆತ್ತಿದ ಕಲ್ಲನ್ನು ಕೂರಿಸಬೇಕಾಗಿತ್ತು. ನಾನು ‘ಅಕ್ಷರ ನಿಲಯ’ ಎಂದು ಸೂಚಿಸಿದೆ. ನನ್ನ ಹೆಂಡತಿ ಕಸ್ತೂರಬಾಯಿ ಮಂಠಾಳದವಳು. ಹೆಸರು ಕೇಳಿದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ನಿಲಯ ಅಂದ್ರ ಹಾಸ್ಟೆಲ್ ಆಯ್ತಲ್ರಿ! ನಮ್ಮ ಹೆಣ್ಮಕ್ಕಳು ಬಸ್ಸಿನಾಗ ಕುಂತು ಏನಂತಾರ? ‘ಅವ್ವನ ಮನಿಗಿ ಹೊಂಟೀವಿ’ ಅಂತಾರ. ‘ನಿಲಯಕ್ಕ ಹೊಂಟೀವಿ’ ಅಂತಾರೇನು? ಕಲ್ಲಿನ ಮ್ಯಾಲ ‘ಅವ್ವನ ಮನಿ’ ಅಂತ ಬರಸ್ರಿ.”

ನಮ್ಮ ಹಿರಿಯ ಮಗಳು ಗೀತಾಳನ್ನು ಹುಮನಾಬಾದಿಗೂ ಕಿರಿಯವಳನ್ನು ಹಳ್ಳಿಖೇಡಕ್ಕೂ ಕೊಟ್ಟಿದ್ದೇವೆ. ವಾದದಲ್ಲಿ ಹುರುಳಿತ್ತು. ‘ಅವ್ವನ’ ಎಂಬುದನ್ನು ನಾನು ಕೂಡಲೇ ಒಪ್ಪಿದೆ. ಷಷ್ಠೀ ವಿಭಕ್ತಿ ನಿರ್ದುಷ್ಟವಾಗಿದೆ. ಆದರೆ ‘ಮನಿ’? ‘ಮನೆ’ ಎಂಬುದು ಎಕಾರಾಂತ ನಾಮಪದ. ಅದನ್ನು ಇಕಾರಾಂತವಾಗಿ ಬರೆದ ಮಕ್ಕಳ ಕೈಯಲ್ಲಿ ಪಾಟಿ ತುಂಬ ತಿದ್ದಿಸಿದವನು ನಾನು. ಆ ಮಕ್ಕಳೆಲ್ಲ ಈಗ ಮೀಸೆ ಹೊತ್ತು ಇದೇ ಓಣಿಯಲ್ಲಿ ದಿನವೂ ಓಡಾಡುತ್ತಾರೆ. ನನ್ನ ಬಾಗಿಲ ಮೇಲೆಯೇ ‘ಮನಿ’ ಎಂದು ಕಲ್ಲಿನಲ್ಲಿ ಕೊರೆಸಿ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದು ಹೇಗೆ?

“‘ಅವ್ವನ ಮನೆ’ ಎಂದು ಬರೆಸೋಣ” ಎಂದೆ.

“‘ಮನೆ’ ಅಂದ್ರ ಯಾರ್ದೋ ಮನಿ ಅನ್ನಿಸ್ತದ” ಎಂದಳು.

ಕಲ್ಲು ಕೊರೆಯುವ ಶಿವರಾಜ ನನ್ನ ಹಳೆಯ ವಿದ್ಯಾರ್ಥಿ. ಅವನು ಬುದ್ಧಿವಂತಿಕೆಯಿಂದ ‘ಅವ್ವನ ಮ’ ತನಕ ಕೊರೆದು, ಕೊನೆಯ ನಕಾರಕ್ಕೆ ತಲಕಟ್ಟನ್ನೂ ಕೊಡದೆ ಬೋಳಾಗಿ ಬಿಟ್ಟು ಉಳಿ ಕೆಳಗಿಟ್ಟ. “ಗುಡಿಸು ಕೊಡ್ಬೇಕೋ ಎತ್ವ ಕೊಡ್ಬೇಕೋ, ಗಂಡ ಹೆಂಡ್ತಿ ಕೂಡಿ ಹೇಳಿ ಕಳಸ್ರಿ ಸರ್” ಎಂದು ಹೇಳಿ ಹೋದ. ಗುಡಿಸು ಕೊಟ್ಟರೆ ‘ನಿ’, ಎತ್ವ ಕೊಟ್ಟರೆ ‘ನೆ’. ಅಲ್ಲಿಂದ ಮುಂದೆ ತಲೆಯಿಲ್ಲದ ಆ ಅಕ್ಷರ ಓಣಿಗೆಲ್ಲ ನಗೆಯ ವಸ್ತುವಾಯಿತು. ಅದರ ಕೆಳಗೆ ಹಾಲು ಉಕ್ಕಿಸುವುದಿಲ್ಲ ಎಂದು ಕಸ್ತೂರಬಾಯಿ ಹಟ ಹಿಡಿದಳು. ಗೃಹಪ್ರವೇಶ ನಿಂತುಹೋಯಿತು. ಹೊಸ ಮನೆಗೆ ಬೀಗ ಹಾಕಿ ಬಾಡಿಗೆ ಮನೆಯಲ್ಲಿ ಉಳಿದೆವು.

ಆ ಬೇಸಿಗೆಯಲ್ಲಿ ಯುರೋಪಿಗೆ ಹೊರಟ ಒಂದು ತಂಡಕ್ಕೆ ಮಕ್ಕಳು ನಮ್ಮಿಬ್ಬರ ಹೆಸರನ್ನೂ ಸೇರಿಸಿದ್ದರು. ಹುಮನಾಬಾದಿನ ಮೈನೋದ್ದೀನ್ ಸೇಠರೂ ಅದೇ ತಂಡದಲ್ಲಿದ್ದರು. ಕಬ್ಬಿಣ ಮತ್ತು ಸಿಮೆಂಟಿನ ವ್ಯಾಪಾರಿ. ನಮ್ಮ ಮನೆಯ ಸರಳೆಲ್ಲ ಅವರ ಅಂಗಡಿಯದೇ. ಅವರ ಬೇಗಂ ವಿಮಾನಕ್ಕೆ ಹೆದರುವವರಾದ್ದರಿಂದ ಒಬ್ಬರೇ ಹೊರಟಿದ್ದರು. ಹೈದರಾಬಾದಿಗೆ ಹೋಗುವ ಜೀಪಿನಲ್ಲಿ ನಮ್ಮ ಜಗಳ ಕೇಳಿ ಅವರೇ ಒಂದು ಶರತ್ತು ಕಟ್ಟಿದರು.

“ನೋಡ್ರಿ ಮಾಸ್ತರ್ರೇ. ಇಮಾನ ಹತ್ತಿದ ಮ್ಯಾಲ, ತಿರುಗಿ ನಮ್ಮ ನೆಲಕ್ಕ ಇಳಿಯೋತನಕ, ನೀವು ಯಾರ ಕನ್ನಡನೂ ತಿದ್ದಬಾರ್ದು. ಅಕ್ಕಂದೂ ಇಲ್ಲ, ನಂದೂ ಇಲ್ಲ, ನಮ್ಮನ್ನ ಕರಕೊಂಡು ಹೋಗೋ ಗೈಡ್ ಹುಡುಗಂದೂ ಇಲ್ಲ. ತಿದ್ದಲಿಲ್ಲ ಅಂದ್ರ ನಿಮ್ಮ ಎತ್ವ. ಒಮ್ಮಿ ತಿದ್ದಿದ್ರಿ, ಅಕ್ಕನ ಗುಡಿಸು. ಮಂಜೂರ್?”

“ಮಂಜೂರ್ ಅನ್ರಿ. ನಿಮಗ ಆಗಂಗಿಲ್ಲ ಬಿಡ್ರಿ” ಎಂದಳು ಕಸ್ತೂರಬಾಯಿ.

ಒಪ್ಪಿದೆ. ಮೂವತ್ತು ವರ್ಷ ತರಗತಿಯನ್ನು ಸುಮ್ಮನಿರಿಸಿದವನಿಗೆ ತನ್ನ ಒಂದು ಬಾಯಿಯನ್ನು ಸುಮ್ಮನಿರಿಸಲಾಗದೆ?

ರೋಮ್

ನಮ್ಮ ಮಾರ್ಗದರ್ಶಿಯ ಹೆಸರು ಕಿರಣ್. ಮೈಸೂರು ಕಡೆಯ ಹುಡುಗ, ಚುರುಕು, ಸದಾ ನಗುಮುಖ. ಅವನು ಬಸ್ಸಿನ ಮೈಕು ಹಿಡಿದು ಆಡಿದ ಮೊದಲ ಮಾತೇ ನನ್ನ ಕಿವಿಗೆ ಸೀಸ ಹೊಯ್ದಂತಾಯಿತು.

“ಇವತ್ತು ನಾವು ರೋಮ್ ಮಾಡೋಣ. ನಾಳೆ ಪೀಸಾ ಮಾಡಿ, ಆಮೇಲೆ ವೆನಿಸ್ ಮುಗಿಸಿಬಿಡೋಣ.”

ರೋಮನ್ನು ಮಾಡುವುದು ಎಂದರೇನು? ‘ಮಾಡು’ ಸಕರ್ಮಕ ಧಾತು. ಅಡುಗೆಯನ್ನು ಮಾಡಬಹುದು, ಬೇಸಾಯವನ್ನು ಮಾಡಬಹುದು, ಬೇಕಾದರೆ ಜಗಳವನ್ನೂ ಮಾಡಬಹುದು. ಇಷ್ಟು ಹಳೆಯ ಒಂದು ನಗರವನ್ನು ಈ ಹುಡುಗ ಮಧ್ಯಾಹ್ನದೊಳಗೆ ಮಾಡಿ ಮುಗಿಸುತ್ತಾನೆ! ನಾನು ಬಾಯಿ ತೆರೆದೆ. ಮುಂದಿನ ಸೀಟಿನಿಂದ ಸೇಠರ ತೋರುಬೆರಳು ಮೇಲೆದ್ದಿತು. ಮುಚ್ಚಿದೆ.

ಆ ಪ್ರಸಿದ್ಧ ರಂಗಮಂಟಪದ ಎದುರು ಇಳಿದೆವು. ಅರ್ಧ ಬಿದ್ದ ದುಂಡನೆಯ ಗೋಡೆ. ಅದರ ಮುಂದೆ ಪುರಾತನ ಸೈನಿಕರ ವೇಷ ಹಾಕಿದ ಗಂಡಸರು ಪ್ಲಾಸ್ಟಿಕ್ ಕತ್ತಿ ಹಿಡಿದು, ಕೈಗಡಿಯಾರ ಕಟ್ಟಿಕೊಂಡು, ಫೋಟೋಕ್ಕೆ ಬನ್ನಿ ಎಂದು ಕೈ ಹಿಡಿದು ಎಳೆಯುತ್ತಿದ್ದರು. ಬಿದ್ದ ಗೋಡೆ ನಮ್ಮ ಕೋಟೆಯಲ್ಲೂ ಇದೆ. ನಮ್ಮ ಬುರುಜಿನ ನೆರಳಿನಲ್ಲಿ ಆಡುಗಳು ಮಲಗಿ ಮೆಲುಕು ಹಾಕುತ್ತವೆ. ಅವು ಅಲ್ಲಿರುವುದಕ್ಕೆ ಒಂದು ಕಾರಣವಾದರೂ ಇದೆ. ಇಲ್ಲಿ ಬಿಸಿಲಿನಲ್ಲಿ ನಿಂತ ಸಾವಿರಾರು ಜನರಿಗೆ ಅಂಥ ಕಾರಣ ಇದ್ದಂತೆ ಕಾಣಲಿಲ್ಲ. ಎಲ್ಲರೂ ಗೋಡೆಗೆ ಬೆನ್ನು ಮಾಡಿ ಮೊಬೈಲಿನಲ್ಲಿ ತಮ್ಮ ಮುಖವನ್ನೇ ತಾವು ನೋಡಿಕೊಳ್ಳುತ್ತಿದ್ದರು.

“ನೋಡಿದ್ದಾಯ್ತಲ್ವಾ? ಬನ್ನಿ ಬನ್ನಿ” ಎಂದ ಕಿರಣ್.

ಈ ‘ನೋಡಿದ್ದಾಯ್ತು’ ಎಂಬುದನ್ನು ಆ ಪ್ರವಾಸದಲ್ಲಿ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ವಾಚಕರು ಗಮನಿಸಬೇಕು. ಈ ವಾಕ್ಯದಲ್ಲಿ ಕರ್ತೃಪದವಿಲ್ಲ. ನೋಡಿದವರು ಯಾರು? ನಾನಲ್ಲ, ನೀವಲ್ಲ, ಅವರಲ್ಲ. ನೋಡುವುದೆಂಬ ಕ್ರಿಯೆ ಯಾರ ಹಂಗೂ ಇಲ್ಲದೆ ತನ್ನಷ್ಟಕ್ಕೆ ತಾನು ಆಗಿಹೋಯಿತು. ಜಗತ್ತಿನ ಪ್ರೇಕ್ಷಣೀಯ ಸ್ಥಳಗಳೆಲ್ಲವೂ ಕರ್ತೃವಿಲ್ಲದ ಈ ಒಂದು ವಾಕ್ಯದ ಮೇಲೆ ನಿಂತಿವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಸಂಜೆ ಒಂದು ಕಾರಂಜಿಗೆ ಕರೆದೊಯ್ದರು. ಜನ ಅದಕ್ಕೆ ಬೆನ್ನು ತಿರುಗಿಸಿ ನಿಂತು ಹೆಗಲ ಮೇಲಿಂದ ನಾಣ್ಯ ಎಸೆಯುತ್ತಿದ್ದರು. ನಮ್ಮವರೂ ಬಸ್ಸು ಸೇತುವೆ ದಾಟುವಾಗ ಕಿಟಕಿಯಿಂದ ಹೊಳೆಗೆ ನಾಣ್ಯ ಹಾಕುವುದುಂಟು; ಆದರೆ ಹಣೆಗೆ ಮುಟ್ಟಿಸಿ, ಮುಖ ಕೊಟ್ಟು ಹಾಕುತ್ತಾರೆ. ಬೆನ್ನು ತೋರಿಸಿ ಕಾಣಿಕೆ ಒಪ್ಪಿಸಿದ್ದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಹಾಗೆ ಎಸೆದವರು ಮರಳಿ ರೋಮಿಗೆ ಬರುತ್ತಾರಂತೆ. ನಾನು ಎಸೆಯಲಿಲ್ಲ.

ಪಕ್ಕದ ಅಂಗಡಿಯಲ್ಲಿ ಕಾಫಿ ಕೇಳಿದೆವು. ಔಷಧದ ಸೀಸೆಯ ಮುಚ್ಚಳದಷ್ಟು ದೊಡ್ಡ ಬಟ್ಟಲಿನಲ್ಲಿ ತಳ ಮುಚ್ಚುವಷ್ಟು ಕಪ್ಪು ದ್ರವ ಬಂತು. ಸೇಠರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಮಾಸ್ತರ್ರೇ, ಇದು ಕುಡಿಯಾಕೋ, ಕಣ್ಣಿಗಿ ಬಿಡಾಕೋ?” ಎಂದರು. ಇಟಲಿಯ ಬಗೆಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು.

ಪೀಸಾ

ಪೀಸಾದ ಹುಲ್ಲುಹಾಸಿನ ಮೇಲೆ ಕಾಲಿಟ್ಟಾಗ ನನಗೆ ಕಂಡದ್ದು ಗೋಪುರವಲ್ಲ. ಸಾಲುಸಾಲಾಗಿ ನಿಂತು ಎರಡೂ ಅಂಗೈ ಚಾಚಿ ಗಾಳಿಯನ್ನು ನೂಕುತ್ತಿದ್ದ ಗಂಡಸರು, ಹೆಂಗಸರು, ಮುದುಕರು. ಕಸ್ತೂರಬಾಯಿ ಗಾಬರಿಯಾದಳು.

“ಇವ್ರೆಲ್ಲ ಏನ್ ಹಿಡಿಯಾಕತ್ತಾರ್ರಿ?”

“ಗೋಪುರವನ್ನು ಬೀಳದಂತೆ ಹಿಡಿದಿದ್ದಾರಂತೆ. ಫೋಟೋದಲ್ಲಿ ಹಾಗೆ ಕಾಣುತ್ತದಂತೆ.”

ಸೇಠರು ಸೊಂಟದ ಮೇಲೆ ಕೈಯಿಟ್ಟು ಗೋಪುರವನ್ನು ಬುಡದಿಂದ ತುದಿಯವರೆಗೆ ನೋಡಿದರು. “ಬುನಾದಿ ಕಚ್ಚಾ ಆಗ್ಯದ್ರಿ. ಹುಮನಾಬಾದಿನಾಗ ಹಿಂಗ ಕಟ್ಟಿದ್ರ ಜನ ಗುತ್ತೇದಾರನ ಹಿಡೀತಿದ್ರು, ಗಾಳಿ ಹಿಡೀತಿರಲಿಲ್ಲ.”

ನನಗೂ ಹಾಗೆಯೇ ಅನ್ನಿಸಿತ್ತು. ಕಟ್ಟುವಾಗಲೇ ಆದ ತಪ್ಪು. ಆಗಲೇ ಕೆಡವಿ ನೆಟ್ಟಗೆ ಕಟ್ಟಿದ್ದರೆ ಮುಗಿಯುತ್ತಿತ್ತು. ತಪ್ಪನ್ನು ಹಾಗೆಯೇ ಬಿಟ್ಟು, ಸುತ್ತಲೂ ಹುಲ್ಲು ಬೆಳೆಸಿ, ಜಗತ್ತಿಗೆಲ್ಲ ಕರೆ ಕಳಿಸಿ ತೋರಿಸುವ ನಿರ್ಲಜ್ಜತನವನ್ನು ಮೆಚ್ಚಬೇಕೋ ಬಿಡಬೇಕೋ ತಿಳಿಯದು. ಇದನ್ನೇ ಬಾಯಿಬಿಟ್ಟು ಹೇಳಿದೆ. ಹೇಳಬಾರದಿತ್ತು.

“ಅಲ್ರಿ ಮಾಸ್ತರ್ರೇ” ಎಂದಳು ಕಸ್ತೂರಬಾಯಿ. ನನ್ನ ಮೇಲೆ ಏರಿ ಬರುವಾಗ ಮಾತ್ರ ಅವಳು ನನ್ನನ್ನು ಹಾಗೆ ಕರೆಯುತ್ತಾಳೆ. “ಇಷ್ಟ್ ದೊಡ್ಡ ಗೋಪುರ ಸೊಟ್ಟ ಅದ. ಯಾರೂ ತಿದ್ದಲಾಕ ಹೋಗಿಲ್ಲ. ಅದಕ್ಕ ಜಗತ್ತೇ ಬಂದು ನಿಂತದ. ನನ್ನ ಮನಿ ಒಂದು ಗುಡಿಸಿಗಿ ನಿಮಗ್ಯಾಕ್ರಿ ಇಷ್ಟ್ ತ್ರಾಸ?”

“ತಿದ್ದಿಲ್ಲವೆಂದು ಯಾರು ಹೇಳಿದರು? ಬೀಳದಂತೆ ಬುಡವನ್ನು ಭದ್ರಪಡಿಸಿದ್ದಾರೆ.”

“ಬೀಳಬಾರ್ದು ಅಂತ ಹಿಡದಾರ. ನೆಟ್ಟಗ ಮಾಡ್ಯಾರೇನು?”

ಸೇಠರು ಹುಲ್ಲಿನ ಮೇಲೆ ಕುಳಿತುಬಿಟ್ಟು ನಕ್ಕರು. ಹುಲ್ಲಿನ ಮೇಲೆ ಕೂರಬಾರದೆಂದು ಒಬ್ಬ ಕಾವಲುಗಾರ ಬಂದು ಅವರನ್ನು ಎಬ್ಬಿಸಿದ. ಓರೆಯಾಗಿ ನಿಲ್ಲಲು ಅನುಮತಿಯಿರುವ ಊರಿನಲ್ಲಿ ನೆಟ್ಟಗೆ ಕೂರಲು ಅನುಮತಿಯಿಲ್ಲ.

ವೆನಿಸ್

ನೀರಿನ ಮೇಲಿನ ನಗರ ಎನ್ನುತ್ತಾರೆ. ನೀರು ನಿಂತ ನಗರ ಎಂದರೆ ಹೆಚ್ಚು ಸರಿ. ನಮ್ಮಲ್ಲಿ ಓಣಿಗೆ ನೀರು ನುಗ್ಗಿದರೆ ಪುರಸಭೆಗೆ ಮುತ್ತಿಗೆ ಹಾಕುತ್ತಾರೆ. ಇಲ್ಲಿ ಅದರ ಮೇಲೆ ದೋಣಿ ಬಿಟ್ಟು ಹಾಡು ಹೇಳುತ್ತಾರೆ. ಅಂಬಿಗರ ಪಟ್ಟೆಪಟ್ಟೆ ಅಂಗಿಗಳು ಮಾತ್ರ ಶುಭ್ರವಾಗಿದ್ದವು. ನೀರಿನ ಬಗೆಗೆ ಹಾಗೆ ಹೇಳಲಾರೆ.

ದೊಡ್ಡ ಚೌಕದಲ್ಲಿ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆವು. ಕಸ್ತೂರಬಾಯಿ ಕಟಕ ರೊಟ್ಟಿಯನ್ನೂ ಖಾರದ ಚಟ್ನಿಪುಡಿಯಾದ ಶೇಂಗಾ ಹಿಂಡಿಯನ್ನೂ ಬಸವಕಲ್ಯಾಣದಿಂದಲೇ ಹೊತ್ತು ತಂದಿದ್ದಳು. ನಾನು ಮೊದಲ ತುತ್ತು ಮುರಿಯುವಷ್ಟರಲ್ಲಿ ಹೆಗಲ ಹಿಂದಿನಿಂದ ಬಿಳಿಯ ದೊಡ್ಡ ಹಕ್ಕಿಯೊಂದು ಎರಗಿ, ಕೈಯಲ್ಲಿದ್ದ ಇಡೀ ರೊಟ್ಟಿಯನ್ನು ಕಿತ್ತುಕೊಂಡು ಹೋಯಿತು. ಬದುಕಿನಲ್ಲಿ ಜೋಳದ ರೊಟ್ಟಿಯನ್ನು ಕಂಡಿರದ ಆ ಕಡಲಹಕ್ಕಿ ಅದನ್ನು ಗಂಟೆಗೋಪುರದ ಕಡೆಗೆ ಒಯ್ದು, ಕೊಕ್ಕಿನಿಂದ ಮುರಿಯಲಾಗದೆ, ಪ್ರವಾಸಿಯೊಬ್ಬನ ಟೋಪಿಯ ಮೇಲೆ ಬೀಳಿಸಿತು.

ನಾನು ಕನ್ನಡ ಅಧ್ಯಾಪಕನೆಂದು ತಿಳಿದ ಮೇಲೆ ಕಿರಣ್ ನನ್ನೊಡನೆ ಮಾತ್ರ ಪತ್ರಿಕೆಯ ಭಾಷೆಯಲ್ಲಿ ಮಾತನಾಡಲು ಶುರುಮಾಡಿದ್ದ. ಓಡಿ ಬಂದು ಬಹಳ ವಿನಯದಿಂದ ಹೇಳಿದ: “ಕ್ಷಮಿಸಿ ಸರ್. ಹಕ್ಕಿಯು ನಿಮ್ಮ ರೊಟ್ಟಿಯಿಂದ ತಿನ್ನಲ್ಪಟ್ಟಿತು.”

ಕರ್ಮಣಿ ಪ್ರಯೋಗ! ಕರ್ತೃವಿಗೆ ತೃತೀಯೆ, ಕರ್ಮಕ್ಕೆ ಪ್ರಥಮೆ. ಇದನ್ನು ಎಂಟನೆಯ ತರಗತಿಯಲ್ಲಿ ಕಲಿಸುತ್ತೇವೆ. ಈ ಹುಡುಗನ ವಾಕ್ಯದಲ್ಲಿ ನನ್ನ ರೊಟ್ಟಿ ಹಾರಿ ಹೋಗಿ ಆ ಹಕ್ಕಿಯನ್ನು ತಿಂದಿತ್ತು. ಮಾತು ಗಂಟಲಿಗೆ ಬಂತು. ಎದುರಿಗೆ ಸೇಠರು ಮತ್ತು ಕಸ್ತೂರಬಾಯಿ ತುತ್ತನ್ನು ಕೈಯಲ್ಲೇ ಹಿಡಿದು ನನ್ನ ತುಟಿಗಳನ್ನು ನೋಡುತ್ತಿದ್ದರು. ನಾನು ಹಿಂಡಿಯ ಡಬ್ಬಿಗೆ ಬೆರಳು ಹಾಕಿ ಬಾಯಿ ತುಂಬ ಖಾರ ತುಂಬಿಕೊಂಡೆ. ಕಣ್ಣಲ್ಲಿ ನೀರು ಬಂತು. ಎತ್ವ ಉಳಿಯಿತು.

“ಗಟ್ಟಿ ಮನಿಷಾ ಇದ್ದಾರ ನಿಮ್ಮೋರು” ಎಂದರು ಸೇಠರು, ಸ್ವಲ್ಪ ನಿರಾಶೆಯಿಂದ.

“ಇನ್ನಾ ಊರು ಭಾಳ ಉಳದಾವ್ರಿ” ಎಂದಳು ಅವಳು.

ಹಿಮದ ಬೆಟ್ಟ

ಸ್ವಿಟ್ಜರ್ಲೆಂಡಿನ ಬಗೆಗೆ ಹೇಳುವಾಗ ನಮ್ಮವರ ದನಿ ತಗ್ಗುತ್ತದೆ, ಗುಡಿಯೊಳಗೆ ಕಾಲಿಟ್ಟವರಂತೆ. ನಾನು ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಹುಲ್ಲನ್ನು ಸಹ ಬಾಚಿದಂತಿದೆ. ಆಕಳುಗಳು ಗಂಟೆ ಕಟ್ಟಿಕೊಂಡು, ಯಾರೋ ಹೇಳಿಕೊಟ್ಟಂತೆ, ಒಂದೇ ದಿಕ್ಕಿಗೆ ಮುಖ ಮಾಡಿ ಮೇಯುತ್ತವೆ. ರಸ್ತೆಯಲ್ಲಿ ಒಬ್ಬರೂ ಒಬ್ಬರನ್ನು ಕೂಗಿ ಕರೆಯುವುದಿಲ್ಲ. ಇಂಥ ಶಿಸ್ತನ್ನು ನಾನು ತರಗತಿಯಲ್ಲಿ ಬಯಸಿದ್ದೆ. ಒಂದು ದೇಶದಲ್ಲಿ ಅದನ್ನು ನೋಡಿ ಹೆದರಿಕೆಯಾಯಿತು.

ತಂತಿಯ ಮೇಲೆ ಓಡುವ ತೂಗುತೊಟ್ಟಿಲಿನಲ್ಲಿ ಕೂರಿಸಿ ಬೆಟ್ಟದ ತುದಿಗೆ ಒಯ್ದರು. ಅಷ್ಟು ಎತ್ತರಕ್ಕೆ ಹೋದರೆ ಅಲ್ಲಿ ಮೊದಲು ಎದುರಾದದ್ದು ಹಿಂದಿ ಚಿತ್ರದ ನಟನಟಿಯರ ಆಳೆತ್ತರದ ರಟ್ಟಿನ ಪ್ರತಿಮೆ, ಎರಡನೆಯದು ವಡಾಪಾವಿನ ಅಂಗಡಿ. ನಮ್ಮ ಜನ ಹಿಮವನ್ನು ಮುಟ್ಟುವ ಮೊದಲು ರಟ್ಟನ್ನು ಅಪ್ಪಿಕೊಂಡು ಫೋಟೋ ತೆಗೆಸಿಕೊಂಡರು. ನನ್ನ ತಾತ್ಸಾರ ಪೂರ್ಣಗೊಂಡಿತು ಎಂದುಕೊಂಡೆ.

ಆಗ ಕಸ್ತೂರಬಾಯಿ ಬಾಗಿಲು ದಾಟಿ ಹೊರಗೆ ಹೆಜ್ಜೆಯಿಟ್ಟಳು. ಕಾಲು ಹೂತಿತು. ಬಗ್ಗಿ ಒಂದು ಬೊಗಸೆ ಹಿಮ ಎತ್ತಿ, ಮುಖದ ಹತ್ತಿರ ಹಿಡಿದು, ಮೂಸಿ ನೋಡಿ, ನನ್ನ ಕಡೆ ತಿರುಗಿದಳು.

“ಎವ್ವಾ! ಎಷ್ಟ್ ಛಂದ ಅದ್ರಿ! ಅರಳಿ ಹಿಂಜಿ ಅಂಗಳ ತುಂಬ ಹರವಿದಂಗ ಅದ. ಗಾದಿ ಮಾಡಲಾಕ ಕುಂತೋರು ಹಾಂಗೇ ಊಟಕ್ಕ ಎದ್ದು ಹೋಗ್ಯಾರ.”

ಮಂಠಾಳದಲ್ಲಿ ಅವಳ ತವರಿನ ಅಂಗಳದಲ್ಲಿ ಮದುವೆಗಳ ಮುಂಚೆ ಹಾಸಿಗೆಗಾಗಿ ಹತ್ತಿ ಹಿಂಜುವವರು ಕೂರುತ್ತಿದ್ದುದನ್ನು ನಾನೂ ನೋಡಿದ್ದೇನೆ. ಆ ಬೆಟ್ಟ ಒಂದು ಗಳಿಗೆ ನಿಜವಾಗಿಯೂ ಹಾಗೆಯೇ ಕಂಡಿತು. ಇಡೀ ಯುರೋಪಿನಲ್ಲಿ ನಾನು ‘ನೋಡಿದೆ’ ಎಂದು ಕರ್ತೃಸಹಿತವಾಗಿ ಹೇಳಬಹುದಾದದ್ದು ಅದೊಂದೇ ಗಳಿಗೆ.

ಅಷ್ಟರಲ್ಲಿ ಕಿರಣ್ ಮೊಬೈಲು ಹಿಡಿದುಕೊಂಡು ಬಂದ. ಅವನ ಕಂಪನಿಯವರು ಪ್ರವಾಸಿಗರ ಅನಿಸಿಕೆಯ ವಿಡಿಯೋ ಮಾಡುತ್ತಾರಂತೆ. “ಅಮ್ಮಾ, ಎರಡು ಮಾತು ಹೇಳಿ. ಸ್ವಲ್ಪ ಶುದ್ಧವಾಗಿ ಹೇಳಿ, ಎಲ್ಲಾ ಕಡೆಯವರಿಗೂ ಅರ್ಥ ಆಗ್ಬೇಕು.”

ಕಸ್ತೂರಬಾಯಿ ಕೈಯ ಹಿಮವನ್ನು ಚೆಲ್ಲಿದಳು. ಸೆರಗು ಹೊದ್ದು, ಕೈಕಟ್ಟಿ, ಬಹುಮಾನ ವಿತರಣೆಯ ಭಾಷಣಕ್ಕೆ ನಿಂತ ವಿದ್ಯಾರ್ಥಿನಿಯಂತೆ ನಿಂತು ಹೇಳಿದಳು: “ಈ ಹಿಮರಾಶಿಯನ್ನು ವೀಕ್ಷಿಸಿ ನನಗೆ ಅತೀವ ಸಂತೋಷವಾಗಿದೆ. ಇಂತಹ ರಮಣೀಯ ದೃಶ್ಯವನ್ನು ನಾನು ಹಿಂದೆಂದೂ ಕಂಡಿರಲಿಲ್ಲ.”

ಒಂದೂ ದೋಷವಿಲ್ಲ. ದ್ವಿತೀಯಾ ವಿಭಕ್ತಿ ಅದರ ಸ್ಥಾನದಲ್ಲಿದೆ, ಕ್ರಿಯಾಪದ ಕರ್ತೃವಿಗೆ ಹೊಂದಿದೆ. ನಾನು ಮೂವತ್ತು ವರ್ಷ ಮಕ್ಕಳಿಂದ ಬಯಸಿದ್ದು ಇದನ್ನೇ. ಅದನ್ನು ಅವಳ ಬಾಯಲ್ಲಿ ಕೇಳಿದಾಗ ಬೇಡವೆಂದು ಕೈ ಎತ್ತಿದೆ. ನನಗೆ ಗೊತ್ತಾಗುವ ಮೊದಲೇ ಕೂಗಿಬಿಟ್ಟಿದ್ದೆ:

“ಛೇ, ಹಾಂಗಲ್ಲ! ಆಗ ಅಂದ್ಯಲ್ಲ, ಅರಳಿ ಹರವಿದಂಗ ಅದ ಅಂತ. ಅದನ್ನ ಅನ್ನು!”

ವಡಾಪಾವಿನ ಅಂಗಡಿಯಿಂದ ಸೇಠರು ಎರಡೂ ಕೈ ಮೇಲೆತ್ತಿಕೊಂಡು ಓಡಿಬಂದರು. “ಹೋಯ್ತು! ಮಾಸ್ತರ್ರೇ, ಹೋಯ್ತು ನಿಮ್ಮ ಎತ್ವ! ತಿದ್ದಿದ್ರಿ!”

ಅರಳೆ ಎನ್ನಬೇಕಾದಲ್ಲಿ ‘ಅರಳಿ’ ಎಂದು ನನ್ನ ಬಾಯಿಂದಲೇ ಬಂದದ್ದನ್ನು ಅವರು ಗಮನಿಸಲಿಲ್ಲ. ನಾನು ಗಮನಿಸಿದ್ದೆ.

ಪ್ಯಾರಿಸ್

ಪ್ಯಾರಿಸ್ಸಿನ ಗೋಪುರವನ್ನು ಏರುವ ಸಾಲಿನಲ್ಲಿ ನಿಂತು ನನ್ನ ವಾದವನ್ನು ಕ್ರಮಬದ್ಧವಾಗಿ ಮಂಡಿಸಿದೆ. ಅಲ್ಲಿ ಮಾಡಲು ಬೇರೆ ಕೆಲಸವೂ ಇರಲಿಲ್ಲ. ಸಾಲು ಹಾವಿನಂತೆ ಸುತ್ತಿ ಸುತ್ತಿ ಮೊದಲಿದ್ದಲ್ಲಿಗೇ ಬರುತ್ತಿತ್ತು. ಸೇಠರಿಗೆ ಗೋಪುರದ ಕಬ್ಬಿಣ ಕಂಡು ಹೊಟ್ಟೆ ಉರಿದಿತ್ತು. “ಇಷ್ಟ್ ಲೋಖಂಡ ಬಿಸಿಲಿಗಿ ಮಳಿಗಿ ನಿಲ್ಲಿಸ್ಯಾರ. ಒಂದು ಛತ್ತ ಇಲ್ಲ, ಒಂದು ಖೋಲಿ ಇಲ್ಲ. ಇದ್ರಾಗ ಹುಮನಾಬಾದಿಗೆಲ್ಲ ಸಾಲಿ ಕಟ್ಟಬಹುದಿತ್ತು.”

“ಸೇಠಜಿ, ಇತ್ತ ಕೇಳಿ” ಎಂದೆ. “‘ತಿದ್ದು’ ಎಂಬ ಧಾತುವಿನ ಅರ್ಥ ತಪ್ಪಾದದ್ದನ್ನು ಸರಿಪಡಿಸು ಎಂದು. ಅವಳು ಆಡಿದ ವಾಕ್ಯದಲ್ಲಿ ತಪ್ಪೇ ಇರಲಿಲ್ಲ. ತಪ್ಪಿಲ್ಲದಲ್ಲಿ ತಿದ್ದುವುದು ಸಾಧ್ಯವೇ ಇಲ್ಲ. ಆದ್ದರಿಂದ ನಾನು ತಿದ್ದಿಲ್ಲ. ಶರತ್ತು ಮುರಿದಿಲ್ಲ.”

ಸೇಠರು ಗಡ್ಡ ನೀವಿಕೊಂಡರು. “ಬಾತ್ ತೋ ಬರಾಬರ್ ಅದ. ಅಕ್ಕಾ, ನಿಮ್ದು ಏನು?”

ಕಸ್ತೂರಬಾಯಿ ಮುಂದಿದ್ದ ಜಪಾನೀ ಹೆಂಗಸಿನ ಕೊಡೆಯ ಚೂಪಿನಿಂದ ತಪ್ಪಿಸಿಕೊಳ್ಳುತ್ತ ಸಾವಕಾಶ ಹೇಳಿದಳು. “ಹಾಂಗಾದ್ರ ಸರಿ ಇದ್ದದ್ದು ಬಿಡಿಸಿ ಕೆಟ್ಟದ್ದು ಅನಸಲಾಕ ಹೋಗಿದ್ರೇನು? ನಾ ಮೊದಲು ಆಡಿದ ಮಾತು, ಅರಳಿದು, ಅದು ಕೆಟ್ಟ ಮಾತು, ತಪ್ಪ ಮಾತು ಅಂತ ನಿಮ್ಮ ಬಾಯಿಲೆ ಒಮ್ಮಿ ಅನ್ರಿ. ಇಲ್ಲೇ ಒಪ್ಪತೀನಿ. ಊರಿಗಿ ಹೋಗಿ ಶಿವರಾಜನ ಕರದು ನಾನೇ ಎತ್ವ ಕೊರಸ್ತೀನಿ.”

“ಇನ್ಸಾಫ್ ಆಯ್ತು!” ಎಂದರು ಸೇಠರು. “ಅನ್ರಿ ಮಾಸ್ತರ್ರೇ. ಒಂದ್ ಮಾತಿನ ಕೆಲಸ.”

ಹೌದು, ಒಂದು ಮಾತಿನ ಕೆಲಸ. ತಿದ್ದಿದೆ ಎಂದರೆ ಗುಡಿಸು. ಕೆಡಿಸಿದೆ ಎಂದರೆ ಎತ್ವ. ನನ್ನ ವಿದ್ಯೆಯೆಲ್ಲ ಎರಡನೆಯದರ ಪರವಾಗಿತ್ತು. ‘ಆ ಮಾತು ತಪ್ಪು’ ಎಂಬ ಮೂರು ಪದಗಳ ವಾಕ್ಯ. ಕಪ್ಪುಹಲಗೆಯ ಮುಂದೆ ನಿಂತು ಎಷ್ಟು ಮಕ್ಕಳಿಗೆ ಎಷ್ಟು ಸಲ ಹೇಳಿಲ್ಲ! ಬಾಯಿ ತೆರೆದರೆ ಬೆಟ್ಟದ ಮೇಲೆ ಹರವಿದ ಅರಳೆ ಕಣ್ಣಿಗೆ ಬಂತು. ಎತ್ತುಯಂತ್ರದ ಬಾಗಿಲು ತೆರೆಯಿತು. ಜನ ನುಗ್ಗಿದರು. ಮೇಲೆ ಹೋದೆವು. ಕೆಳಗೆ ಬೂದು ಬಣ್ಣದ ಛಾವಣಿಗಳು, ಬೂದು ಬಣ್ಣದ ಹೊಳೆ, ಒಂದರಂತೆಯೇ ಇನ್ನೊಂದು ರಸ್ತೆ. ಕಸ್ತೂರಬಾಯಿ ನಗರವನ್ನು ನೋಡಲಿಲ್ಲ. ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ಊರಿಗೆ ಹೋಗಿ ಹೇಳುತ್ತೇನೆ” ಎಂದೆ.

“ನೋಡಿದ್ದಾಯ್ತಲ್ವಾ? ಬನ್ನಿ ಬನ್ನಿ” ಎಂದ ಕಿರಣ್.

ಮರಳುವ ವಿಮಾನದಲ್ಲಿ ಅವಳನ್ನು ಕೇಳಿದೆ: “ನೀನು ಬೇಕೆಂದೇ ಹಾಗೆ ಮಾತಾಡಿದೆಯಾ? ಆ ಹಿಮರಾಶಿ, ರಮಣೀಯ ದೃಶ್ಯ?”

“ನನಗ ಅಷ್ಟ್ ವ್ಯಾಕರಣ ಬರ್ತದೇನ್ರಿ?” ಎಂದು ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು.

ಮತ್ತೆ ಬಸವಕಲ್ಯಾಣ

ನಾನು ಹೇಳಲಿಲ್ಲ. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಹೊಸ ಮನೆ ಬೀಗ ಹಾಕಿಕೊಂಡೇ ನಿಂತಿತ್ತು. ಅದರ ಬಾಗಿಲ ಪಕ್ಕ ಗೋಡೆಗೆ ಒರಗಿಸಿದ ಕಲ್ಲಿನಲ್ಲಿ ಆ ಬೋಳು ಅಕ್ಷರ. ಸಂಜೆ ಆ ಕಡೆ ಹೋಗುವುದನ್ನೇ ಬಿಟ್ಟೆ. ಕಸ್ತೂರಬಾಯಿ ಬಾಡಿಗೆ ಮನೆಯ ಸೋರುವ ಅಡುಗೆಕೋಣೆಯಲ್ಲಿ ರೊಟ್ಟಿ ಬಡಿಯುತ್ತ ಒಮ್ಮೆಯೂ ಆ ವಿಷಯ ಎತ್ತಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ಸೇಠರು ಮಾತ್ರ ಆಗಾಗ ಫೋನು ಮಾಡಿ, “ಫೈಸಲಾ ಏನಾಯ್ತ್ರಿ?” ಎಂದು ಕೇಳುತ್ತಿದ್ದರು.

ಚಳಿಗಾಲ ಮುಗಿಯುವ ಹೊತ್ತಿಗೆ ಹುಮನಾಬಾದಿನಿಂದ ಗೀತಾ ಬಂದಳು. ಪ್ರವಾಸದ ಕಂಪನಿಯವರು ಆ ವಿಡಿಯೋ ಹೊರಗೆ ಬಿಟ್ಟಿದ್ದರು. ಅವಳು ಮೊಬೈಲನ್ನು ನನ್ನ ಮುಂದೆ ಹಿಡಿದಳು. ಕಿರಣ್ ನನ್ನ ಕೂಗನ್ನು ಕತ್ತರಿಸಿ ಹಾಕಿದ್ದ. ಬಿಳಿಯ ಬೆಟ್ಟ, ಕೈಕಟ್ಟಿ ನಿಂತ ಕಸ್ತೂರಬಾಯಿ, ಹಿಂದೆ ವೀಣೆಯ ನಾದ. “ಈ ಹಿಮರಾಶಿಯನ್ನು ವೀಕ್ಷಿಸಿ ನನಗೆ ಅತೀವ ಸಂತೋಷವಾಗಿದೆ.”

“ನೀ ಹೇಳಿ ಕೊಟ್ಟಿದ್ದೇನಪ್ಪಾ?” ಎಂದಳು ಗೀತಾ.

“ಇಲ್ಲ.”

ಅವಳು ಇನ್ನೊಮ್ಮೆ ಹಚ್ಚಿ ನೋಡಿದಳು. ಆಮೇಲೆ ಮೊಬೈಲನ್ನು ಬೋರಲು ಹಾಕಿದಳು. “ಯಾರೋ ಬ್ಯಾಂಕಿನಾಗ ಕುಂತ ಹೆಣ್ಮಗಳು ಮಾತಾಡಿದಂಗ ಅದ. ದನಿ ಅವ್ವಂದೇ ಅದ, ಖರೆ. ಅವ್ವ ಇಲ್ಲ ನೋಡು ಇದ್ರಾಗ.”

ನಾನು ಎದ್ದು ಅಡುಗೆಕೋಣೆಗೆ ಹೋದೆ. ಕಸ್ತೂರಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ‘ತಿದ್ದಿದ್ದಾಯಿತು’ ಎಂದು ಕಿರಣನ ಹಾಗೆ ಹೇಳಿ ಜಾರಿಕೊಳ್ಳಬಹುದಿತ್ತು. ಕ್ರಿಯೆ ಆಗಿಹೋಗುತ್ತಿತ್ತು, ಮಾಡಿದವನು ಯಾರೆಂದು ಕೇಳುವವರಿರಲಿಲ್ಲ. ನಾನು ಕರ್ತೃಪದವನ್ನು ಇಟ್ಟೇ ಹೇಳಿದೆ.

“ಆ ಬೆಟ್ಟದ ಮೇಲೆ ನಿನ್ನ ಮಾತನ್ನು ನಾನು ತಿದ್ದಿದೆ. ಕೆಡಿಸಲಿಲ್ಲ.”

ಮೊರ ನಿಂತಿತು. ಅವಳು ಒಂದು ಹರಳನ್ನು ಆರಿಸಿ ಹೊರಗೆ ಎಸೆದಳು. “ಹಾಂಗಾದ್ರ ಸೇಠಜಿಗಿ ಫೋನ್ ಹಚ್ರಿ. ಪಾಪ, ಭಾಳ ದಿನದಿಂದ ಕಾಯಾಕತ್ತಾರ” ಎಂದಳು. ಅಷ್ಟೇ. ಆದರೆ ಆ ದಿನದ ರೊಟ್ಟಿಯ ಜೊತೆಗೆ ನಾನು ಕೇಳದೆಯೇ ಬೆಣ್ಣೆ ಬಂತು.

ಯುರೋಪಿನ ಬಗೆಗೆ ನನ್ನ ಅಭಿಪ್ರಾಯದಲ್ಲಿ ಬದಲಾವಣೆ ಇಲ್ಲ. ‘ಮನೆ’ ಎಂಬುದು ಎಕಾರಾಂತವೇ. ಯಾವ ಮಗುವಾದರೂ ಪಾಟಿಯ ಮೇಲೆ ‘ಮನಿ’ ಎಂದು ಬರೆದು ತಂದರೆ ಈಗಲೂ ಕೆಂಪು ಗೆರೆ ಎಳೆಯುತ್ತೇನೆ. ಬಾಗಿಲ ಮೇಲಿನ ಕಲ್ಲು ಬೇರೆ.

ಶಿವರಾಜ ಉಳಿ, ಸುತ್ತಿಗೆ ಹಿಡಿದು ಬಂದ. ಸೇಠರು ಹುಮನಾಬಾದಿನಿಂದ ಪೇಡೆಯ ಡಬ್ಬಿಯೊಂದಿಗೆ ಬಂದು ಕುರ್ಚಿ ಹಾಕಿಕೊಂಡು ಕುಳಿತರು. ಹೆಣ್ಣುಮಕ್ಕಳಿಬ್ಬರೂ ಕಟ್ಟೆಯ ಮೇಲಿದ್ದರು. ಕಸ್ತೂರಬಾಯಿ ಒಳಗೆ ಒಲೆ ಹೂಡಿ ಹಾಲಿನ ಪಾತ್ರೆ ತೊಳೆಯುತ್ತಿದ್ದಳು. ಶಿವರಾಜ ನಕಾರದ ಬೋಳುತಲೆಯ ಮೇಲೆ ಸೀಮೆಸುಣ್ಣದಿಂದ ದುಂಡಗೆ ಗುಡಿಸು ಬರೆದು, ಉಳಿ ಇಟ್ಟು, ಹೊಡೆಯದೆ ನನ್ನ ಕಡೆ ನೋಡಿದ.

“ಸರ್, ಸಾಲಿಯಾಗ ‘ಮನಿ’ ಅಂತ ಬರದಿದ್ದಕ್ಕ ನೀವು ನನ್ನ ಕಿವಿ ಹಿಂಡಿದ್ರಿ. ಈಗ ಖರೇನೇ ಇದನ್ನ ಕೊರೀಲೇನ್ರಿ?”

“ಕೊರಿ” ಎಂದೆ.

ಅಂದು ೨೦೨೪ನೆಯ ಇಸವಿ ಫೆಬ್ರುವರಿ ತಿಂಗಳ ಹನ್ನೊಂದನೆಯ ತಾರೀಖು, ಭಾನುವಾರ.